ದುರ್ಯೋಧನನ ಪಾಲಿಗೆ ಬಂದ ಸಾಲ

ಮಳವಳ್ಳಿಯ ಸಂತೆಮಾಳದಲ್ಲಿ ಕೆಂಪಸಿದ್ದಯ್ಯ ಗದೆ ಹೊತ್ತು ರಂಗಕ್ಕೆ ಬಂದಾಗ, ಹೆಂಗಸರ ಕಡೆ ಚಾಪೆ ಹಾಸಿಕೊಂಡು ಕೂತಿದ್ದ ಮಲ್ಲಿಗಮ್ಮನಿಗೆ ಒಂದು ಗಳಿಗೆ ತನ್ನ ಗಂಡನ ಗುರುತೇ ಸಿಗಲಿಲ್ಲ. ಬೆಳಗಾದರೆ ಖಾಕಿ ಚಡ್ಡಿ ತೊಟ್ಟು, ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ, ಬೀದಿ ಬೀದಿಗೆ ಪುರಸಭೆಯ ನೀರು ಬಿಡುತ್ತಾ ತಿರುಗುವ ಮನುಷ್ಯ ಅವನು. ಈಗ ನೋಡಿದರೆ ತಲೆಯ ಮೇಲೆ ಥಳಥಳಿಸುವ ಕಿರೀಟ, ಎದೆಯ ತುಂಬ ಹಾರ, ಕೆನ್ನೆಗೆ ಗುಲಾಬಿ ಬಣ್ಣ. ಅವನು ಮೊದಲ ಪದ್ಯ ಎತ್ತಿ ನಿಲ್ಲಿಸುವುದರೊಳಗೆ ಹಿಂದಿನಿಂದ ಸಿಳ್ಳೆ ಬಿತ್ತು. "ಒನ್ಸ್ ಮೋರ್" ಎಂದು ಜನ ಎದ್ದು ನಿಂತರು. ಪಕ್ಕದಲ್ಲಿ ಕೂತಿದ್ದ ಯಾವುದೋ ಹಳ್ಳಿಯ ಹೆಂಗಸು, "ಯಾರವ್ವ ಈವಯ್ಯ? ಮೈಸೂರ್ ಕಡೆಯೋನಾ?" ಎಂದು ಕೇಳಿದಳು.

"ನಮ್ಮನೆಯೋರು," ಎಂದಳು ಮಲ್ಲಿಗಮ್ಮ. ಹೇಳಿ ಚಾಪೆಯ ಮೇಲೆ ನೆಟ್ಟಗೆ ಕೂತಳು.

ಅದು ಎಪ್ಪತ್ತೊಂದನೆಯ ಇಸವಿಯ ಬೇಸಿಗೆ. ಆ ಸೀಮೆಯಲ್ಲಿ ಪೌರಾಣಿಕ ನಾಟಕವೆಂದರೆ ಪಾತ್ರಧಾರಿಗಳು ದುಡ್ಡು ಪಡೆದು ಆಡುವುದಲ್ಲ, ದುಡ್ಡು ಕೊಟ್ಟು ಆಡುವುದು. ಪರದೆ, ಪೋಷಾಕು, ಮೈಕು, ಹಾರ್ಮೋನಿಯಂ ಮೇಷ್ಟ್ರು, ಮೈಸೂರಿನಿಂದ ಕರೆಸುವ ಹೆಣ್ಣು ಪಾತ್ರದವರು, ಎಲ್ಲದರ ಖರ್ಚನ್ನೂ ಪಾತ್ರದ ತೂಕ ನೋಡಿ ಹಂಚುತ್ತಿದ್ದರು. ನಕುಲ ಸಹದೇವರದ್ದು ಅಗ್ಗ. ದುರ್ಯೋಧನನದ್ದು ಎಲ್ಲಕ್ಕಿಂತ ಭಾರ. ತಾಲೀಮು ಶುರುವಾಗುವ ಮುಂಚೆ ಸಿದ್ದಯ್ಯ ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೇ ಹೇಳಿದ್ದ.

"ನಕುಲನ್ನೇ ಇಡ್ಕಳವಾ ಅಂತೀನಿ ಕಣೆ. ನಮ್ ಕೈಲಾಗೋದು ಅಷ್ಟೇಯ."

ಮಲ್ಲಿಗಮ್ಮ ಮುದ್ದೆ ಇಡುತ್ತಾ ನಕ್ಕಿದ್ದಳು. "ನಿನ್ ದನಿಗೆ ನಕುಲನ ಪಾರ್ಟಾ? ನೀನು ಬೀದೀಲಿ ನೀರ್ ಬುಡ್ತಾ ಆಡುದ್ರೆ ಬಿಂದ್ಗೆ ಇಟ್ಟು ನಿಂತ್ಕೊಂಡ್ ಕೇಳ್ತಾರೆ. ಮಾಡುದ್ರೆ ದುರ್ಯೋಧನನ್ನೇ ಮಾಡು."

ಮುಂದೆ ಎಷ್ಟೋ ವರ್ಷ ಅವಳ ಬಾಯಿ ಕಟ್ಟಿಹಾಕಿದ್ದು ಈ ಮಾತೇ. ಬೇರೆ ಹೆಂಗಸರು ಗಂಡನ ಕುಡಿತವನ್ನೋ ಇಸ್ಪೀಟನ್ನೋ ಬೈದು ಹಗುರಾಗುತ್ತಿದ್ದರು. ಅವಳಿಗೆ ಬೈಯಲು ಯಾರೂ ಇರಲಿಲ್ಲ.

ನಾಟಕದ ಮುಂಗಡಕ್ಕೆ ದುಡ್ಡು ಬೇಕಾಗಿತ್ತು. ಕೃಷ್ಣನ ಪಾತ್ರ ಹಿಡಿದಿದ್ದ ಜವಳಿ ಅಂಗಡಿಯ ಕರಿಯಯ್ಯನೇ ಲೆಕ್ಕಪತ್ರದ ಯಜಮಾನ. ಅವನು ಎಲ್ಲರನ್ನೂ ಕರೆದುಕೊಂಡು ಕೋಟೆ ಬೀದಿಯ ವೆಂಕಟರಾಮಯ್ಯನವರ ಮನೆಗೆ ಹೋದ. ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತರಾದ ವೆಂಕಟರಾಮಯ್ಯ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಮೇಲೆ ಕೈಸಾಲ ಕೊಡುತ್ತಿದ್ದರು. "ಕೊಡೋದಕ್ಕೆ ಅಡ್ಡಿಯಿಲ್ಲ. ಸಂಬಳ ಬರೋರು ಒಬ್ಬರು ರುಜು ಹಾಕಲಿ," ಎಂದರು. ಆ ಗುಂಪಿನಲ್ಲಿ ಸಂಬಳ ಬರುತ್ತಿದ್ದುದು ಸಿದ್ದಯ್ಯನಿಗೆ ಒಬ್ಬನಿಗೇ. ಹದಿನಾರು ನೂರು ರೂಪಾಯಿಯ ಪತ್ರಕ್ಕೆ ಅವನು ರುಜು ಹಾಕಿದ. ಎಲ್ಲರ ಪಾಲನ್ನೂ ವಸೂಲು ಮಾಡಿ ಸಾಲ ತೀರಿಸುವ ಹೊಣೆ ಕರಿಯಯ್ಯನದು.

ನಾಟಕ ಮುಗಿದ ತಿಂಗಳೊಪ್ಪತ್ತಿನಲ್ಲಿ ಕರಿಯಯ್ಯನ ಅಂಗಡಿ ಬಾಗಿಲು ಹಾಕಿತು. ಕೊಳ್ಳೇಗಾಲದಲ್ಲಿದ್ದಾನೆ ಎಂದರು, ಅಲ್ಲೂ ಇಲ್ಲ ಎಂದರು. ಭೀಮ, ಕರ್ಣ, ಶಕುನಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನನ್ ಪಾಲು ಕರಿಯಯ್ಯನ ಕೈಗೆ ಕೊಟ್ಟಾಯ್ತಲ್ಲ." ಅವರು ಕೊಟ್ಟಿದ್ದರೋ ಇಲ್ಲವೋ, ಪತ್ರದ ಮೇಲೆ ಇದ್ದದ್ದು ಸಿದ್ದಯ್ಯನ ರುಜು. ಅವನ ಸಂಬಳ ನೂರ ಎಪ್ಪತ್ತು. ಮೂವತ್ತೆರಡು ಬರೀ ಬಡ್ಡಿಗೆ.

ಅಲ್ಲಿಂದ ಮಲ್ಲಿಗಮ್ಮನ ಮನೆಯಲ್ಲಿ ಎಲ್ಲವೂ ಸಣ್ಣದಾಗುತ್ತಾ ಬಂತು. ಮೈ ಸೋಪನ್ನು ದಾರದಿಂದ ಮೂರು ತುಂಡು ಮಾಡಿ ಒಂದೊಂದೇ ಹೊರಗೆ ತೆಗೆಯುತ್ತಿದ್ದಳು. ಸಕ್ಕರೆ ಹೋಗಿ ಬೆಲ್ಲ ಬಂತು, ಆಮೇಲೆ ಕಾಫಿಯೇ ಹೋಯಿತು. ಕೆರೆ ಏರಿಯ ಮೇಲೆ ಸಿಕ್ಕ ಸೊಪ್ಪು ಕಿತ್ತು ತಂದು, ಹಿಡಿ ಬೇಳೆ ಹಾಕಿ ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಖಾರ ಕದಡಿ ಉಪ್ಪುಸಾರು ಮಾಡಿದರೆ ಎರಡು ಹೊತ್ತಿಗೂ ಅದೇ. ಒಗ್ಗರಣೆಯ ಎಣ್ಣೆ ಉಳಿಯಿತಲ್ಲ ಎಂಬ ಸಮಾಧಾನ ಅವಳಿಗೆ. ಆರಂಭದಲ್ಲಿ ಮಗಳು, "ಇವತ್ತೂ ಅದೇನಾ?" ಎಂದು ಮುಖ ಸಿಂಡರಿಸುತ್ತಿದ್ದಳು. ವರ್ಷ ಕಳೆದ ಮೇಲೆ ಕೇಳುವುದನ್ನೇ ಬಿಟ್ಟಳು. ಕೇಳದೆ ಉಣ್ಣುವುದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಬಂಧುಬಳಗದ ಮದುವೆಗಳಿಗೆ ಹೋಗುವುದು ನಿಂತಿತು. ಹೋದರೆ ಉಡುಗೊರೆ ಕೊಟ್ಟು ಮುಯ್ಯಿ ಮಾಡಬೇಕು. ಲಗ್ನಪತ್ರಿಕೆ ಕೊಡಲು ಯಾರಾದರೂ ಬೀದಿಯ ತಿರುವಿನಲ್ಲಿ ಕಂಡರೆ ಮಲ್ಲಿಗಮ್ಮ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಡುತ್ತಿದ್ದಳು. ಆದರೆ ಒಡಹುಟ್ಟಿದ ತಂಗಿ ಸೋಮಮ್ಮನ ಮದುವೆಗೆ ಹಾಗೆ ಮಾಡುವಂತಿರಲಿಲ್ಲ. ಬಸ್ಸಿನ ಕಾಸು ಉಳಿಸಲು ತವರೂರು ಬೆಳಕವಾಡಿಯವರೆಗೆ ಮಕ್ಕಳ ಕೈ ಹಿಡಿದು ನಡೆದೇ ಹೋದಳು. ಮನೆಯಲ್ಲಿದ್ದ ಹಿತ್ತಾಳೆ ಚೆಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸದರಂತೆ ಮಾಡಿ, ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಚಪ್ಪರದಲ್ಲಿ ಮುಯ್ಯಿ ಕೂಗುವವನು, "ಹಿರಿಯಕ್ಕ ಮಲ್ಲಿಗಮ್ಮಂದು, ಹಿತ್ತಾಳೆ ಚೆಂಬು ಒಂದು," ಎಂದು ಎತ್ತಿ ತೋರಿಸಿದ. ಅವರ ತಾಯಿ ಚಿಕ್ಕಬೋರಮ್ಮ ಅದನ್ನು ತೆಗೆದುಕೊಂಡು ಅಡಿಯನ್ನು ಬೆರಳಿನಿಂದ ಸವರಿ ನೋಡಿದಳು. ಊಟವಾದ ಮೇಲೆ ಕಣಜದ ಕೋಣೆಗೆ ಮಗಳನ್ನು ಕರೆದಳು.

"ಇದು ನಿನ್ ಮದುವೇಲಿ ನಾನೇ ಕೊಟ್ಟಿದ್ ಚೆಂಬಲ್ವೇನೆ?"

ಮಲ್ಲಿಗಮ್ಮ ಗೋಡೆ ನೋಡಿದಳು. "ಊಂ."

"ಅಷ್ಟೊಂದು ಕಷ್ಟನೇನೆ ಮಗ? ಒಂದ್ ಮಾತು ಏಳ್ಬಾರ್ದಾ?"

"ಏಳುದ್ರೆ ನೀನು ಏನ್ ಮಾಡೀಯವ್ವ? ಸೋಮೀ ಮದುವೆಗೆ ನೀನೂ ಸಾಲನೇ ಮಾಡಿದ್ದೀಯೆ."

ಹೊರಡುವಾಗ ತಾಯಿ ಎರಡು ಸೇರು ರಾಗಿಯನ್ನು ಮಡಿಲಿಗೆ ಸುರಿದಳು. ಹೊಸ ಚಪ್ಪಲಿ ಹಾಕಿಕೊಂಡ ನೆಂಟರು ಬಸ್ಸಿಗಾಗಿ ನಿಂತಿದ್ದರು. ಮಲ್ಲಿಗಮ್ಮ ಅವರ ಕಣ್ಣಿಗೆ ಬೀಳದಂತೆ ಗದ್ದೆಯ ಬದುವಿನ ಮೇಲೆ ಇಳಿದು ಹೋದಳು.

ಬಡ್ಡಿ ಕಟ್ಟುತ್ತಿದ್ದರೂ ಅಸಲು ಕದಲುತ್ತಿರಲಿಲ್ಲ. ಒಂದು ಸಲ ಬಡ್ಡಿ ಕೊಡಲು ಮಲ್ಲಿಗಮ್ಮನೇ ಕೋಟೆ ಬೀದಿಗೆ ಹೋದಾಗ ವೆಂಕಟರಾಮಯ್ಯನವರ ಹೆಂಡತಿ ಗೋದಮ್ಮ ಬಾಗಿಲಿಗೆ ಬಂದರು. ಅವರಿಗೆ ಮಂಡಿನೋವು, ಮನೆಯಲ್ಲಿ ಎರಡು ಹಸು.

"ನೀನೇ ಬಂದು ಬೆಳಿಗ್ಗೆ ಕೊಟ್ಟಿಗೆ ಬಾಚಿ, ಪಾತ್ರೆ ತೊಳೆದುಕೊಟ್ಟು ಹೋಗು ಮಲ್ಲಿಗಮ್ಮ. ಬಡ್ಡಿಯಲ್ಲಿ ಹನ್ನೆರಡು ರೂಪಾಯಿ ಬಿಟ್ಟುಕೊಳ್ಳೋಣ. ನಮ್ಮವರಿಗೆ ನಾನು ಹೇಳ್ತೀನಿ."

ಆಗಲಿ ಎಂದಳು. ಆ ಮನೆಯಲ್ಲಿ ಅವಳಿಗೆ ಯಾರೂ ಜೋರು ಮಾಡಲಿಲ್ಲ. ವೆಂಕಟರಾಮಯ್ಯನವರಂತೂ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಗೋದಮ್ಮ ಹಿತ್ತಲ ಕಟ್ಟೆಯ ಮೇಲೆ ಅವಳಿಗೆಂದೇ ಇಟ್ಟ ಲೋಟಕ್ಕೆ ಮೇಲಿನಿಂದ ಬಿಸಿ ಕಾಫಿ ಸುರಿಯುತ್ತಿದ್ದರು, ಹಬ್ಬದಲ್ಲಿ ಮಿಕ್ಕ ಹೋಳಿಗೆ ಕಟ್ಟಿಕೊಡುತ್ತಿದ್ದರು, ಮಗಳ ಓದು ವಿಚಾರಿಸುತ್ತಿದ್ದರು. ಯಾರಾದರೂ ಬೈದಿದ್ದರೆ ತಿರುಗಿ ಬೈದು ಹೊರಟುಬಿಡಬಹುದಿತ್ತು ಎಂದು ಮಲ್ಲಿಗಮ್ಮನಿಗೆ ಅನ್ನಿಸುತ್ತಿತ್ತು. ಅವಳಿಗೆ ಜ್ವರ ಬಂದು ಒಂದು ದಿನ ಹೋಗದಿದ್ದರೆ, "ಅಯ್ಯೋ ಪಾಪ, ಮಲಗಿಕೊಳ್ಳಲಿ," ಎನ್ನುತ್ತಿದ್ದ ಗೋದಮ್ಮ ತಿಂಗಳ ಕೊನೆಗೆ ಆ ದಿನವನ್ನು ಮರೆಯದೆ ಕಳೆಯುತ್ತಿದ್ದರು.

ಎಪ್ಪತ್ತಾರರಲ್ಲಿ ಬಡವರ ಕೈಸಾಲ ಇನ್ನು ಮೇಲೆ ರದ್ದು ಎಂದು ಸರ್ಕಾರ ಸಾರಿತು. ಒತ್ತೆ ಇಟ್ಟ ಓಲೆ, ಕಡಗ ಹಿಂದಕ್ಕೆ ಬಂದವೆಂದು ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಕಿವಿ ಮುಟ್ಟಿ ತೋರಿಸಿದರು. ಸಿದ್ದಯ್ಯ ಆಸೆಯಿಂದ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿ ಬಂದ. ಅವನ ಸಂಬಳ ಆ ಕಾನೂನಿನ ಮಿತಿಯನ್ನು ಸ್ವಲ್ಪದರಲ್ಲಿ ದಾಟಿತ್ತು.

"ಕೂಲಿ ಮಾಡ್ಕಂಡಿದ್ದಿದ್ರೆ ಬಚಾವಾಯ್ತಿದ್ದೊ," ಎಂದು ಹೇಳಿ ಕೀಲಿ ಎತ್ತಿಕೊಂಡು ನೀರು ಬಿಡಲು ಹೋದ. ನೀರು ಬಿಡುವಾಗ ಹಾಡುವುದನ್ನು ಅವನು ಯಾವಾಗಲೋ ನಿಲ್ಲಿಸಿದ್ದ. ಯಾವಾಗ ಎಂದು ಮಲ್ಲಿಗಮ್ಮನಿಗೂ ನೆನಪಿರಲಿಲ್ಲ.

ಮಾರನೆಯ ವರ್ಷ ಬೇಸಿಗೆಯ ಒಂದು ಸಂಜೆ ಕರಿಯಯ್ಯ ಬಂದ. ಬಿಳಿ ಪಂಚೆ, ರೇಷ್ಮೆ ಜುಬ್ಬ, ಕೈಯಲ್ಲಿ ಚಿನ್ನದ ಬಣ್ಣದ ಗಡಿಯಾರ. ಕೊಳ್ಳೇಗಾಲದ ಕಡೆ ರೇಷ್ಮೆ ವ್ಯಾಪಾರ ಕುದುರಿತ್ತಂತೆ. ಹಾರ್ಮೋನಿಯಂ ಮೇಷ್ಟ್ರನ್ನೂ ಹಳೆಯ ಭೀಮನನ್ನೂ ಜೊತೆಗೆ ಕರೆತಂದಿದ್ದ. ಜಗಲಿಯ ಮೇಲೆ ಕೂತು ಸಿದ್ದಯ್ಯನ ತೊಡೆ ತಟ್ಟಿದ.

"ಲೋ ಸಿದ್ದ, ಈ ಸಲನೂ ನೀನೇ ಕಣ್ಲಾ ದುರ್ಯೋಧನ. ನೀನು ಒಂದ್ ಕಾಸು ಬಿಚ್ಬೇಡ. ಎಲ್ಲಾ ನಂದು."

ಒಳಗಿನಿಂದ ನೋಡುತ್ತಿದ್ದ ಮಲ್ಲಿಗಮ್ಮನಿಗೆ ಗಂಡನ ಮುಖ ಕಂಡಿತು. ಆರು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಬೈಯುವುದು ಹಾಗಿರಲಿ, ಕರಿಯಯ್ಯನಿಗೆ ಎಲೆ ಅಡಿಕೆ ತರಲು ಅವನು ಏಳುತ್ತಿದ್ದ. ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು.

"ಚೆನ್ನಾಗಿದ್ದೀಯಾ ಕರಿಯಣ್ಣ?"

"ಇವ್ನಿ ಕಣಮ್ಮ, ದೇವ್ರ್ ಮಡಗ್ದಂಗೆ."

"ಆವತ್ತಿನ್ ದುಡ್ಡು ಯಾವಾಗ್ ಕೊಟ್ಟೀಯೆ?"

ಕರಿಯಯ್ಯ ನಗಲು ನೋಡಿದ. "ಅದು ಆಗೋಗಿದ್ ಕಾಲ ಬುಡವ್ವ. ಯಾಪಾರದಲ್ಲಿ ಮುಳುಗೋಗಿದ್ದೆ. ಒಳ್ಳೆ ಕೆಲ್ಸಕ್ ಬಂದಿರೋವಾಗ ಯಾಕೀಗ ಆ ಮಾತು?"

"ನಿಂಗೆ ಆಗೋಗಿದ್ ಕಾಲ. ನಾನು ಇವತ್ತು ಒತ್ತಾರೆನೂ ಅದ್ರ ಬಡ್ಡಿಗೆ ಸಗಣಿ ಬಾಚಿ ಬಂದಿವ್ನಿ."

"ಮಲ್ಲಿ, ಒಳಕ್ ಓಗು," ಎಂದ ಸಿದ್ದಯ್ಯ.

ಅವಳು ಹೋಗಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಕರಿಯಯ್ಯ ಜುಬ್ಬದ ಜೇಬಿಗೆ ಕೈ ಹಾಕಿ ನೂರರ ನೋಟೊಂದನ್ನು ಎಳೆದ. "ತಕ್ಕೊ ತಂಗಿ, ಮಕ್ಕಳಿಗೆ ಬಟ್ಟೆ ಒಲಿಸು."

"ಬಟ್ಟೆಗೆ ಅನ್ಬೇಡ. ಸಾಲಕ್ಕೆ ಅನ್ನು." ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿ ಕೇಳಿದಳು, "ಉಳ್ದದ್ದು?"

ಕರಿಯಯ್ಯ ಎದ್ದ. "ಎಂಗಸಿನ ಕೈಲಿ ಮಾತಾಡ್ಸೋನ್ ಜೊತೆ ನಂಗೇನ್ಲಾ ನಾಟ್ಕ?" ಎಂದು ಸಿದ್ದಯ್ಯನಿಗೆ ಹೇಳಿ ಬೀದಿಗಿಳಿದ. ಮಿಕ್ಕವರೂ ಹಿಂದೆಯೇ ಹೋದರು.

ಸಿದ್ದಯ್ಯ ಕೈ ಎತ್ತಲಿಲ್ಲ, ಕೂಗಾಡಲೂ ಇಲ್ಲ. "ನಾಕ್ ಜನದ ಮುಂದೆ ನನ್ ಮರ್ವಾದಿ ತೆಗ್ದೆ," ಎಂದ ಅಷ್ಟೆ. "ಮರ್ವಾದಿ ಬಡ್ಡಿ ಕಟ್ಟದಾ?" ಎಂದು ಅವಳ ಬಾಯಿಗೆ ಬಂತು, ಆಡಿಯೂ ಬಿಟ್ಟಳು. ಆಮೇಲೆ ಆ ಮನೆಯಲ್ಲಿ ಬಹಳ ದಿನ ಉಪ್ಪು, ನೀರು, ಬೀಗದ ಕೈ ಎಂಬಷ್ಟು ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ದುರ್ಯೋಧನನ ಪಾತ್ರ ಮದ್ದೂರಿನ ಕಡೆಯ ಒಬ್ಬ ಸ್ಕೂಲು ಮೇಷ್ಟ್ರಿಗೆ ಹೋಯಿತು. ಹಿಂದಿನ ಬೀದಿಯ ಛತ್ರದಲ್ಲಿ ತಾಲೀಮು. ಸಂಜೆಯಾದರೆ ಹಾರ್ಮೋನಿಯಂ ಶಬ್ದ ಇವರ ಜಗಲಿಗೆ ನೇರ ಬರುತ್ತಿತ್ತು. ಸಿದ್ದಯ್ಯ ಗೋಡೆಗೆ ಒರಗಿ ಕೂತಿರುತ್ತಿದ್ದ. ಮೊರ ಹಿಡಿದು ಬಾಗಿಲಲ್ಲಿ ಕೂತಿದ್ದ ಮಲ್ಲಿಗಮ್ಮ ಒಂದು ದಿನ ನೋಡಿದಳು: ಅವನ ತುಟಿ ಅಲುಗುತ್ತಿತ್ತು. ಅಲ್ಲಿ ಆ ಮದ್ದೂರಿನ ಮೇಷ್ಟ್ರು ಎಲ್ಲೋ ಒಂದು ಕಡೆ ತಾಳ ತಪ್ಪಿದರು. ಇವನ ಕೈ ತಾನಾಗಿಯೇ ಮಂಡಿಯ ಮೇಲೆ ಸರಿಯಾದ ಪೆಟ್ಟು ಹಾಕಿತು.

ಅವಳಿಗೆ ಅಕ್ಕಿಯ ಕಲ್ಲು ಕಾಣದಾಯಿತು. ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಇವನಿಗೆ ಕಿರೀಟ ಪುಕ್ಕಟೆ ಸಿಗುತ್ತಿತ್ತು. ಬಾಯಿ ತೆರೆದದ್ದಕ್ಕೆ ನೂರು ರೂಪಾಯಿ ಅಸಲು ಇಳಿಯಿತು. ಇದು ಸರಿಯೋ ಅದು ಸರಿಯೋ ಎಂದು ಎಷ್ಟು ಸಲ ತೂಗಿದರೂ ಅವಳಿಗೆ ಬಗೆಹರಿಯಲಿಲ್ಲ.

"ಓಗಿ ಬ್ಯಾರೆ ಪಾರ್ಟಾದ್ರೂ ಕೇಳ್ಬಾರ್ದಾ?" ಎಂದಳು ಮೆಲ್ಲಗೆ.

"ದುರ್ಯೋಧನ ಮಾಡ್ದೋನು ಓಗಿ ದೂತನ್ ಪಾರ್ಟ್ ಮಾಡ್ಲಾ?" ಎಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ. ಅಷ್ಟು ದಿನಗಳ ಮೇಲೆ ಅವನು ಅವಳೊಡನೆ ಆಡಿದ ಮೊದಲ ಪೂರ್ತಿ ಮಾತು ಅದು. "ಊಟಕ್ ಇಕ್ಕು ಏಳು," ಎಂದು ತಾನೇ ಎದ್ದು ಕೈ ತೊಳೆದ.

ಬಡ್ಡಿಯಲ್ಲಿ ಉಳಿದದ್ದನ್ನೂ ಸಂಬಳ ಏರಿದ್ದನ್ನೂ ಅಸಲಿಗೇ ಹಾಕುತ್ತಾ ಬಂದು, ಎಪ್ಪತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಕೋಟೆ ಬೀದಿಗೆ ಹೋಗಿ ಕೊನೆಯ ಕಂತನ್ನು ಕೊಟ್ಟರು. ವೆಂಕಟರಾಮಯ್ಯ ಕನ್ನಡಕ ಏರಿಸಿಕೊಂಡು ಪತ್ರ ತೆಗೆದು, ಸಿದ್ದಯ್ಯನ ರುಜುವಿನ ಮೇಲೆ ಗೀಟು ಎಳೆದು, ನಾಲ್ಕು ತುಂಡು ಮಾಡಿ ಅವನ ಕೈಯಲ್ಲೇ ಇಟ್ಟರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ನಿಮ್ಮಂಥ ನಿಯತ್ತಿನ ಜನ ಸಿಗೋದು ಕಷ್ಟ. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳಂತಲ್ಲ, ಮಂಡ್ಯದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸಬೇಕು ಅಂತಿದ್ದೀರಂತೆ. ಫೀಜು, ಹಾಸ್ಟೆಲು, ಖರ್ಚು ಇದ್ದೇ ಇರುತ್ತೆ. ಬೇಕಿದ್ದರೆ ಇವತ್ತೇ ಇನ್ನೊಂದು ಪತ್ರ ಬರೆಯೋಣ. ನಿಮಗೆ ಇಲ್ಲ ಅನ್ನೋದಿಲ್ಲ."

ಸಿದ್ದಯ್ಯ ಹೆಂಡತಿಯ ಕಡೆ ತಿರುಗಿದ. ಬೇಡ ಎನ್ನುವ ಧೈರ್ಯವೂ ಇಲ್ಲ, ಬೇಕು ಎನ್ನುವ ಧೈರ್ಯವೂ ಇಲ್ಲ ಅವನ ಕಣ್ಣಿನಲ್ಲಿ. ಮಗಳ ಫೀಜಿಗೆ ಮನೆಯಲ್ಲಿ ಏನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬ್ಯಾಡಿ ಸ್ವಾಮಿ," ಎಂದಳು ಮಲ್ಲಿಗಮ್ಮ. ಆಮೇಲೆ ಬಾಗಿಲಿಗೆ ಒರಗಿ ನಿಂತಿದ್ದ ಗೋದಮ್ಮನನ್ನು ನೋಡಿ, "ಅಮ್ಮಾರೆ, ನಾಳಿಂದ್ಲೂ ನಾನೇ ಕೊಟ್ಗೆಗೆ ಬತ್ತೀನಿ. ಆದ್ರೆ ತಿಂಗ್ಳಿಗೆ ಇಪ್ಪತ್ತೈದು ಕೈಗೆ ಕೊಡ್ಬೇಕು," ಎಂದಳು.

"ಇಪ್ಪತ್ತೈದೇ?" ಎಂದರು ಗೋದಮ್ಮ. "ಇಪ್ಪತ್ತು ಮಾಡಿಕೋ."

"ಇಪ್ಪತ್ತೈದು, ಅಮ್ಮಾರೆ. ಜ್ವರ ಬಂದ್ ದಿನ ಕಳೀಬಾರ್ದು."

ಗೋದಮ್ಮ ಗಂಡನ ಮುಖ ನೋಡಿದರು. ವೆಂಕಟರಾಮಯ್ಯ ಪೆಟ್ಟಿಗೆಯ ಬೀಗ ಹಾಕುತ್ತಾ, "ಕೊಡೋಣ ಬಿಡು," ಎಂದರು.

ಮಾರನೆಯ ಬೆಳಿಗ್ಗೆ ಮಲ್ಲಿಗಮ್ಮ ಎಂದಿನ ಹೊತ್ತಿಗೇ ಎದ್ದು ಕೋಟೆ ಬೀದಿಗೆ ಹೋಗಿ ಕೊಟ್ಟಿಗೆ ಬಾಚಿದಳು. ಸಗಣಿ ಅಷ್ಟೇ ಇತ್ತು, ಬುಟ್ಟಿಯೂ ಅಷ್ಟೇ ಭಾರವಿತ್ತು. ಮಗಳು ಮಂಡ್ಯಕ್ಕೆ ಸೇರುವುದು ಆ ವರ್ಷ ಆಗಲಿಲ್ಲ, ಮರುವರ್ಷ ಸೇರಿದಳು.