ನಡುವೆ ಕುಳಿತವರು

ಪರರ ನಂಟಸ್ತಿಕೆ ಹುಡುಕುವುದಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮತ್ತೆ ಇವತ್ತಿಗೂ ನಂಬುವುದಿಲ್ಲ. ಆದರೆ ಮುಂಬಯಿಯಲ್ಲಿ ನಾನು ಅನ್ನ ತಿನ್ನುತ್ತಿರುವುದು ಆ ಕೆಲಸದಿಂದಲೇ. ಯಾವ ಯಾವ ಕಂಪನಿಯ ಮಂಡಳಿಯಲ್ಲಿ ಯಾರು ಯಾರು ನಿರ್ದೇಶಕರು ಎಂಬುದನ್ನೆಲ್ಲ ಸಂಖ್ಯಾಶಾಸ್ತ್ರದ ಒಂದು ಸಾಫ್ಟ್‌ವೇರ್‌ಗೆ ಉಣಿಸುತ್ತೇನೆ. ಎರಡು ಕಂಪನಿಗಳಲ್ಲೂ ಒಬ್ಬನೇ ನಿರ್ದೇಶಕ ಕೂತಿದ್ದರೆ ಅದು ಅವುಗಳ ನಡುವೆ ಒಂದು ಗೆರೆ ಎಳೆಯುತ್ತದೆ.

ಮೊದಲ ಸಲ ಅಳೆದಾಗ ಒಂದು ಕಂಪನಿಗೆ ಎಲ್ಲರಿಗಿಂತ ಹೆಚ್ಚು ಗೆರೆಗಳಿದ್ದವು. ನಗರದ ಸೂತ್ರಧಾರನೇ ಸಿಕ್ಕಿಬಿಟ್ಟನೆಂದು ಕುಣಿಯುತ್ತ ಮೇಲಧಿಕಾರಿಯ ಕೋಣೆಗೆ ಹೋದೆ. ಅವರು ಒಮ್ಮೆ ನೋಡಿ, "ಅರೇ ಭಾಯಿ, ಯೇ ತೋ ಸಬ್ ಘರ್ ಕೇ ಲೋಗ್ ಹೈ" ಎಂದು ನಕ್ಕರು. ಎಲ್ಲ ಮನೆಯವರೇ ಅಂತೆ; ಗೆರೆಗಳೆಲ್ಲ ಆ ಕಂಪನಿಯದೇ ಮರಿ ಕಂಪನಿಗಳಿಗೆ ಹೋಗಿದ್ದವು. ಮದುವೆಮನೆಯಲ್ಲಿ ಅಣ್ಣತಮ್ಮಂದಿರೇ ಒಬ್ಬರಿಗೊಬ್ಬರು ಕೈಮುಗಿದದ್ದನ್ನು ನಾನು ಊರಿನ ಜನಪ್ರಿಯತೆ ಎಂದು ಲೆಕ್ಕ ಹಾಕಿದ್ದೆ.

ಮನೆಮಂದಿಯನ್ನು ಬಿಟ್ಟು, ನಿರ್ದೇಶಕರನ್ನೂ ಚುಕ್ಕೆಗಳಾಗಿಸಿ ಮತ್ತೆ ಅಳೆದಾಗ ತೆರೆಯ ಮೇಲೆ ಮೂಡಿದ ನಕ್ಷೆ ಕಂಡು ದಂಗಾಗಿ ಕೂತುಬಿಟ್ಟೆ. ಸಿಮೆಂಟಿನವರೆಲ್ಲಿ, ಚಹಾದವರೆಲ್ಲಿ, ಆಸ್ಪತ್ರೆಯವರೆಲ್ಲಿ! ಆದರೂ ಒಬ್ಬರಿಂದ ಒಬ್ಬರಿಗೆ ಎರಡು ಮೂರು ಹೆಜ್ಜೆಯ ದಾರಿ. ಅತಿ ಹೆಚ್ಚು ದಾರಿಗಳು ಯಾರ ಮೂಲಕ ಹಾಯುತ್ತವೆ ಎಂದು ನೋಡಿದರೆ ಇನ್ನೂ ಬೆರಗು. ಪತ್ರಿಕೆಯಲ್ಲಿ ಫೋಟೋ ಬರುವ ಮಹನೀಯರೆಲ್ಲ ಅಂಚಿನಲ್ಲಿದ್ದರು. ನಟ್ಟನಡುವೆ ಇದ್ದದ್ದು ನಾನು ಹೆಸರೇ ಕೇಳಿರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ.

ಆಗಲೇ ನಮ್ಮಲ್ಲಿ ಆಂಟಾಪ್ ಹಿಲ್ ಬಿಟ್ಟು ಮುಂಬಯಿಯ ಇನ್ನೊಂದು ತುದಿಯ ದಹಿಸರ್‌ಗೆ ಮನೆ ಬದಲಿಸುವ ಮಾತು ನಡೆದಿತ್ತು. ಅಲ್ಲಿ ಒಂದು ಕೋಣೆ ಹೆಚ್ಚು ಸಿಗುತ್ತದೆಂದು ನನಗೆ ಆಸೆ. ಹೆಂಡತಿ ಪದ್ಮ "ನಿಮ್ಮಿಷ್ಟ" ಎಂದಷ್ಟೇ ಹೇಳಿದ್ದಳು. ಅವಳು ಬಿಲ್ಡಿಂಗಿನ ಕಮಿಟಿ, ಭಜನಾ ಮಂಡಳಿ, ಕನ್ನಡ ಸಂಘದ ಮಹಿಳಾ ವಿಭಾಗ ಮೂರರಲ್ಲೂ ಇದ್ದಾಳೆ. ನಮ್ಮ ಸಂಘಗಳ ಪದ್ಧತಿ ನಿಮಗೆ ಗೊತ್ತೇ ಇದೆ. ವಾರ್ಷಿಕ ಸಭೆಯಲ್ಲಿ ಹೆಸರು ಸೂಚಿಸಿ ಎಂದ ಕೂಡಲೇ ಎಲ್ಲರೂ ನೆಲ ನೋಡುತ್ತಾರೆ, ಆಮೇಲೆ ಪದ್ಮಳನ್ನು ನೋಡುತ್ತಾರೆ. ಅವಳ ಓಡಾಟಕ್ಕೆ ನಾನಿಟ್ಟ ಹೆಸರು ಊರ ಉಸಾಬರಿ.

ಹೊಸ ಮನೆಯ ದಲ್ಲಾಳಿಗೆ ಉತ್ತರ ಹೇಳಬೇಕಾಗಿದ್ದ ಭಾನುವಾರ ಬೆಳಿಗ್ಗೆ, ಕಾಫಿ ತಂದವಳಿಗೆ ನಕ್ಷೆ ತೋರಿಸಿದೆ. ಅವಳು ನಡುವಿನ ಚುಕ್ಕೆಯ ಮೇಲೆ ಬೆರಳಿಟ್ಟು, "ರೀ, ಇವ್ರು ಬಿಟ್ಟುಹೋದ್ರೆ ಏನಾಗತ್ತೆ?" ಎಂದಳು. ಅಳಿಸಿ ತೋರಿಸಿದೆ. ನಕ್ಷೆ ಮೆಲ್ಲಗೆ ಎರಡಾಯಿತು. ಚಹಾದವರು ಒಂದು ಕಡೆ, ಸಿಮೆಂಟಿನವರು ಇನ್ನೊಂದು ಕಡೆ, ನಡುವೆ ಬರೀ ಬಿಳಿ. ಪದ್ಮ ಅದನ್ನೇ ನೋಡುತ್ತ ನಿಂತಳು.

"ಬೇಚಾರಾ! ನೀವಿಷ್ಟು ಮುಖ್ಯ ಅಂತ ಯಾರಾದ್ರೂ ಅವ್ರಿಗೆ ಹೇಳಿದಾರಾ?"

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮೇಲಿನ ಮಹಡಿಯ ಅಜ್ಜಿ ಜಾರಿಬಿದ್ದಿದ್ದರು. ಪದ್ಮ ಅಡುಗೆಮನೆಯಲ್ಲಿ ನಿಂತೇ ಕನ್ನಡ ಸಂಘದ ಡಾಕ್ಟರನ್ನು ಕರೆಸಿದಳು, ಅಜ್ಜಿಯ ಜೊತೆಗಿರಲು ಭಜನಾ ಮಂಡಳಿಯ ಇಬ್ಬರು ಹೆಂಗಸರನ್ನು ಕಳಿಸಿದಳು. ಅಜ್ಜಿಗೂ ಡಾಕ್ಟರಿಗೂ ಆ ಹೆಂಗಸರಿಗೂ ಪರಸ್ಪರ ಗುರುತಿಲ್ಲ. ಕಣ್ಣೆದುರಿಗೇ ಗೆರೆಗಳು ಮೂಡುತ್ತಿದ್ದವು, ಸಾಫ್ಟ್‌ವೇರ್ ಇಲ್ಲದೆ.

ದಲ್ಲಾಳಿಗೆ ಫೋನ್ ಮಾಡಿ ನಾವು ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಯಾಕೆಂದು ಕೇಳಿದ. ಪಾಪ, ಅವನಿಗೆ ಕನ್ನಡ ಬಾರದು. ಆದರೂ ಪದ್ಮ ಬಿಟ್ಟುಹೋದರೆ ಇಲ್ಲಿ ಏನಾಗುತ್ತದೆ ಎಂಬ ಕಾರಣವನ್ನು ಮಾತ್ರ ಕನ್ನಡದಲ್ಲೇ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.