ದಾಸಯ್ಯನ ಶಂಖ ತಿರುಗಿಸಿದ ಕತೆ

‘ತಾಯಿ, ನನ್ನ ಶಂಖ ನನಗೆ ವಾಪಸ್ ಕೊಡ್ರಿ.’

ಹೋದ ಶನಿವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ದಾಸಯ್ಯ ತಿಮ್ಮಪ್ಪನವರು ಹೀಗೆಂದಾಗ ನನಗೆ ನಗು ಬಂತು. ಶಂಖ ಅವರ ಹೆಗಲ ಚೀಲದಲ್ಲೇ ಇತ್ತು! ಆದರೆ ಅವರ ಮುಖ ನೋಡಿ ನಗು ಅಲ್ಲೇ ನಿಂತಿತು.

ನನ್ನ ಫೋಟೋ ಹುಚ್ಚು ನಿಮಗೆ ಗೊತ್ತೇ ಇದೆ. ಅಂಗೈಯಗಲದ ಹಳೆಯ ಡಿಜಿಟಲ್ ಕ್ಯಾಮೆರಾ, ಅದರಲ್ಲಿ ಸಣ್ಣದನ್ನು ದೊಡ್ಡದಾಗಿ ತೆಗೆಯುವ ಹೂವಿನ ಗುರುತಿನ ಮೋಡ್, ಕಿಟಕಿಯ ಬೆಳಕು, ಕೆಳಗೆ ಹಾಸಲು ಕಪ್ಪು ರವಿಕೆ ಬಟ್ಟೆ, ನೆರಳು ತಿಳಿಯಾಗಿಸಲು ಪಕ್ಕದಲ್ಲೊಂದು ಸ್ಟೀಲ್ ತಟ್ಟೆ. ಬಸವನಹುಳುವಿನ ಚಿಪ್ಪು, ಜಾಲಿಕಾಯಿ, ಸೀತಾಫಲದ ಬೀಜ, ಯಾವುದನ್ನೂ ಬಿಟ್ಟಿಲ್ಲ. ಸಮುದ್ರದ ಚಿಪ್ಪೊಂದು ಬಾಕಿ ಇತ್ತು. ಚಳ್ಳಕೆರೆಗೆ ಸಮುದ್ರ ಎಲ್ಲಿಂದ ತರಲಿ? (ಗೌರಸಮುದ್ರ ಎಂಬ ಊರಿದೆ, ಹೆಸರಿಗೆ.) ಅದಕ್ಕೇ ಕಳೆದ ತಿಂಗಳು ತಿಮ್ಮಪ್ಪನವರ ಶಂಖವನ್ನು ಹತ್ತು ನಿಮಿಷಕ್ಕೆಂದು ಕೇಳಿ ಪಡೆದೆ.

ಫೋಟೋ ಚೆನ್ನಾಗಿ ಬಂತು. ಸುಳ್ಳು ವಿನಯ ಯಾಕೆ, ಬಹಳ ಚೆನ್ನಾಗಿ ಬಂತು. ಒಂದೇ ಕೊರತೆ: ಪೇಪರಿನ ಈ ಅಂಕಣದ ಪಕ್ಕ ಇಟ್ಟರೆ ಶಂಖದ ಬಾಯಿ ಪುಟದ ಹೊರಗೆ ನೋಡುತ್ತಿತ್ತು. ಬರಹದ ಕಡೆ ತಿರುಗಿದ್ದರೆ ಚೆಂದವಲ್ಲವೇ? ಮೊಬೈಲಿಗೆ ಹಾಕಿಕೊಂಡು, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲು ಬದಲು ಮಾಡಿ ಕಳಿಸಿದೆ. ಬೆರಳಿನ ಒಂದು ಒತ್ತು, ಅಷ್ಟೇ. ಅಂಕಣದ ಜೊತೆ ಅಚ್ಚಾಯಿತು. ಕೆಳಗೆ ತಿಮ್ಮಪ್ಪನವರ ಹೆಸರನ್ನೂ ಹಾಕಿದ್ದೆ.

ಸಾಮಾನ್ಯ ಶಂಖವೆಲ್ಲ ಎಡಮುರಿ. ಬಲಮುರಿ ತೀರಾ ಅಪರೂಪ. ಅದು ಮನೆಯಲ್ಲಿದ್ದರೆ ಲಕ್ಷ್ಮಿಯೇ ಇದ್ದ ಹಾಗೆ ಎಂದು ನಂಬುವವರು ಬೇಕಾದಷ್ಟು ಮಂದಿ. ನನ್ನ ಆ ಒಂದು ಒತ್ತಿಗೆ ತಿಮ್ಮಪ್ಪನವರ ಎಡಮುರಿ ಪೇಪರಿನಲ್ಲಿ ಬಲಮುರಿಯಾಗಿತ್ತು!

‘ಪೇಪರ್ ನೋಡಿ ಯಾರೋ ಶಂಖ ಕೊಳ್ಳಾಕೆ ಮೊಳಕಾಲ್ಮೂರಿಂದ ಕಾರಾಗೆ ಬಂದಿದ್ರು ತಾಯಿ. ಇದು ಎಡಮುರಿ ರೀ ಅಂತ ಕೈಗೇ ಕೊಟ್ಟೆ. ಅಸಲ್ದಿ ಎಕ್ಕಡ ದಾಚ್ಯಾವಯ್ಯಾ ಅಂತ ತೆಲುಗಿನಾಗೆ ಕೇಳ್ತಾರೆ. ನಾನ್ಯಾಕೆ ಅಸಲಿ ಬಚ್ಚಿಡ್ಲಿ? ಅವ್ರು ಹೋಗ್ಲಿ ಬಿಡ್ರಿ. ನಮ್ಮಣ್ಣನೂ ಅದೇ ಮಾತಂದ.’

ಅಣ್ಣ ರಂಗಪ್ಪನವರು ಇರುವುದು ತಳಕಿನಲ್ಲಿ. ಅಪ್ಪ ಬಿಟ್ಟುಹೋದದ್ದು ಒಂದೇ ಶಂಖ. ಒಂದು ವರ್ಷ ಅಣ್ಣನ ಮನೆ, ಒಂದು ವರ್ಷ ತಮ್ಮನ ಮನೆ. ಪಿತೃಪಕ್ಷದ ಅಮಾವಾಸ್ಯೆಯಂದು ಅಪ್ಪನಿಗೆ ಎಡೆಯಿಟ್ಟು, ಇಬ್ಬರೂ ಕೂತು ಶಂಖ ಊದಿ ಕೈ ಬದಲಾಯಿಸಿಕೊಳ್ಳುವುದು ಅವರ ಪದ್ಧತಿ. ಈ ಸಲ ಅಣ್ಣ ಬರುವುದಿಲ್ಲ ಎಂದಿದ್ದಾರೆ. ಅಪ್ಪನ ಬಲಮುರಿಯನ್ನು ತಮ್ಮ ಮಾರಿ, ನಕಲಿ ಇಟ್ಟುಕೊಂಡಿದ್ದಾನೆಂದು ಅವರ ದೂರು. ಅಮಾವಾಸ್ಯೆಗೆ ಉಳಿದದ್ದು ಎರಡೇ ದಿನ.

‘ಇಷ್ಟು ವರ್ಷ ಊದಿದವರಿಗೆ ಸುರುಳಿ ಯಾವ ಕಡೆ ಅಂತ ಗೊತ್ತಿಲ್ವಾ?’ ಎಂದೆ.

‘ಊದಿದ್ವಿ ತಾಯಿ. ಮುರಿ ಯಾರು ನೋಡ್ಯಾರೆ?’

(ನಗಬೇಡಿ. ನೀವು ದಿನಾ ತೆಗೆಯುವ ಬಾಗಿಲಿನ ಚಿಲಕ ಎಡಕ್ಕೋ ಬಲಕ್ಕೋ? ಎದ್ದು ನೋಡದೆ ಹೇಳಿ.)

ಕ್ಯಾಮೆರಾ ಹಿಡಿದು ಅವರ ಜೊತೆಗೇ ತಳಕಿನ ಬಸ್ಸು ಹತ್ತಿದೆ. ರಂಗಪ್ಪನವರು ಆ ಪೇಪರಿನ ತುಂಡನ್ನು ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು! ನಾನು ತಪ್ಪೊಪ್ಪಿಕೊಂಡು ಕ್ಯಾಮೆರಾದಲ್ಲಿದ್ದ ಮೂಲ ಫೋಟೋ ತೋರಿಸಿದೆ.

‘ಇದನ್ನ ಯಾವಾಗ ತಿರುಗಿಸಿದ್ರಿ?’ ಎಂದರು.

ಒಮ್ಮೆ ತಿರುಗಿಸಿದವಳನ್ನು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ರಂಗಪ್ಪನವರು ಲ್ಯಾಮಿನೇಷನ್ ಮೇಲೆ ಬೆರಳಿಟ್ಟರು. ‘ಅಪ್ಪ ಕೆಡವಿದಾಗ ಅಂಚು ಮುಕ್ಕಾಗಿತ್ತು. ಇಲ್ಲೈತೆ ನೋಡ್ರಿ. ಅಪ್ಪಂದು ಇದೇಯ.’

‘ನನ್ನ ಕೈಯಾಗಿರೋದ್ರಾಗೂ ಐತಲ್ಲಣ್ಣ!’ ಎಂದರು ತಿಮ್ಮಪ್ಪ.

‘ಅರ ಹಾಕಿ ಉಜ್ಜಿದ್ರೆ ಯಾವುದ್ರಾಗೂ ಬರ್ತೈತೆ ಲೇ.’

ನನಗೆ ಆ ಮುಕ್ಕೇ ದಾರಿ ತೋರಿಸಿತು. ‘ನಿಮ್ಮಪ್ಪ ಯಾವ ಕೈಲಿ ಹಿಡಿದು ಊದ್ತಿದ್ರು?’

‘ಬಲಗೈಲಿ. ಎಡಗೈಯಾಗೆ ಜಾಗಟೆ ಇರ್ತಿತ್ತು. ಹೆಬ್ಬೆಟ್ಟು ಆ ಮುಕ್ಕಿನಾಗೆ ಕೂಡ್ತಿತ್ತು. ನಂದೂ ಅಲ್ಲೇ ಕೂಡ್ತೈತೆ.’

‘ಹಾಗಾದ್ರೆ ಪೇಪರಿನ ಶಂಖವನ್ನ ಹಿಡೀರಿ, ನೋಡೋಣ.’

ರಂಗಪ್ಪನವರು ಫೋಟೋ ಎದುರಿಗಿಟ್ಟುಕೊಂಡು ಗಾಳಿಯಲ್ಲೇ ಬಲಗೈ ಹಿಡಿದರು. ಮುಕ್ಕು ಒಂದು ಬದಿಗೆ, ಹೆಬ್ಬೆಟ್ಟು ಇನ್ನೊಂದು ಬದಿಗೆ. ಎಡಗೈ ತಂದರು. ಸರಿಯಾಗಿ ಕೂತಿತು. ಮತ್ತೆ ಬಲಗೈ ಹಿಡಿದು ನೋಡಿದರು.

ತಿಮ್ಮಪ್ಪನವರು ಚೀಲದಿಂದ ಶಂಖ ತೆಗೆದು ಅಣ್ಣನ ಬಲಗೈಗಿಟ್ಟರು. ಹೆಬ್ಬೆಟ್ಟು ತಾನಾಗಿಯೇ ಹೋಗಿ ಮುಕ್ಕಿನಲ್ಲಿ ಕೂತಿತು.

‘ಅಪ್ಪಂದೇ ಲೇ ತಿಮ್ಮ,’ ಎಂದರು. ನನ್ನ ಕಣ್ಣು ತುಂಬಿತು. ನಾಚಿಕೆಯೂ ಆಯಿತು.

ಕೈಯಲ್ಲಿ ಶಂಖವಿದ್ದೂ ಕಾಗದದ ಶಂಖವನ್ನು ನಂಬಿದವರು ಅವರೊಬ್ಬರೇ ಅಲ್ಲ. ಎದುರಿಗೆ ಕೂತ ಮನುಷ್ಯ ‘ನಾನಲ್ಲ’ ಎಂದರೂ ಮೊಬೈಲು ನೋಡಿಯೇ ತೀರ್ಪು ಕೊಡುವವರು ನಾವೆಲ್ಲ. ಆದರೆ ಇಲ್ಲಿ ಮೊದಲ ತಪ್ಪು ನನ್ನದು. ಪುಟ ಚೆಂದ ಕಾಣಲೆಂದು ಒಬ್ಬರ ಅಪ್ಪನ ನೆನಪನ್ನೇ ತಿರುಗಿಸಿಬಿಟ್ಟಿದ್ದೆ.

ಅಮಾವಾಸ್ಯೆಗೆ ಅಣ್ಣ ಬಂದರು. ಎಡೆಯಾಯಿತು. ಶಂಖ ಕೈ ಬದಲಾಯಿತು. ನನ್ನನ್ನೂ ಊಟಕ್ಕೆ ಕರೆದಿದ್ದರು, ಕ್ಯಾಮೆರಾ ಸಮೇತ.

ಪಕ್ಕದಲ್ಲಿರುವುದು ಅಂದಿನ ಫೋಟೋ. ರಂಗಪ್ಪನವರ ಬಲಗೈ, ಹೆಬ್ಬೆಟ್ಟು ಮುಕ್ಕಿನಲ್ಲಿ. ಶಂಖದ ಬಾಯಿ ಪುಟದ ಹೊರಗೇ ನೋಡುತ್ತಿದೆ, ನೋಡಲಿ.

ಈ ಸಲ ತಿರುಗಿಸಿಲ್ಲ. ನಂಬುತ್ತೀರಾ?