ತೆರೆದೇ ಇದ್ದ ವಾಲ್ವ್

ಸುರಪುರದ ನಮ್ಮ ಕಾಲೇಜಿನ ಮಾಳಿಗೆಯ ಮಳೆನೀರು ನೆಲದಡಿಯ ಟಾಕಿಗೆ ಇಳಿಯುವಂತೆ ಮಾಡಿದವನು ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳೆಯ. ಮೊದಲ ಮಳೆ ಮಾಳಿಗೆಯ ಧೂಳು ತೊಳೆದು ಹೊರಗೆ ಹೋಗಲಿ ಎಂದು ಬೇಸಿಗೆಯಲ್ಲೇ ಗಟಾರದ ಕಡೆಯ ಪೈಪಿನ ವಾಲ್ವ್ ತೆರೆದಿಡುತ್ತಿದ್ದ. ಆ ಮಳೆ ನಿಂತ ಮೇಲೆ ಮುಚ್ಚುತ್ತಿದ್ದ. ಮುಂದಿನ ಮಳೆಗೆ, ‘ಬಾರೋ, ಟಾಕಿ ತುಂಬಾಕತ್ತೈತಿ, ಕೇಳು’ ಎಂದು ನನ್ನನ್ನು ಕರೆಯುತ್ತಿದ್ದ.

ಈ ಬೇಸಿಗೆಯಲ್ಲೂ ವಾಲ್ವ್ ತೆರೆದಿಟ್ಟ. ಮಳೆಗೆ ಮುಂಚೆಯೇ ತೀರಿಕೊಂಡ.

ಕಾಲೇಜು ಶುರುವಾದ ಮೇಲೆ ಶ್ರದ್ಧಾಂಜಲಿ ಸಭೆ ಇಟ್ಟರು. ಅಷ್ಟರಲ್ಲಿ ಎಷ್ಟೋ ಮಳೆ ಆಗಿಹೋಗಿದ್ದವು. ಅವನ ನೀರಿನ ಕಾಳಜಿಯನ್ನು ಎಲ್ಲರೂ ಬಾಯ್ತುಂಬ ಹೊಗಳುತ್ತಿದ್ದರು. ಹೊರಗೆ ಮಾಳಿಗೆಯ ನೀರು ದಬದಬ ಗಟಾರಕ್ಕೆ ಹೋಗುತ್ತಿತ್ತು. ಮೈ ಉರಿದು ಎದ್ದು ಹೋದೆ. ಮಳೆಯಲ್ಲಿ ತೋಯಿಸಿಕೊಂಡೇ ವಾಲ್ವ್ ಮುಚ್ಚಿದೆ.

ಟಾಕಿಯೊಳಗೆ ನೀರು ಬಿದ್ದ ಸಪ್ಪಳ ಕೇಳಿತು. ‘ಬಾರೋ, ಕೇಳು’ ಎಂದು ಅವನನ್ನು ಕರೆಯಲು ತಿರುಗಿಯೇ ಬಿಟ್ಟೆ.